ಹೊಸ ಬಾಸ್ ಬಂದ್ಮೇಲೆ ಮೀಟಿಂಗಲ್ಲಿ ಯಾರೂ ಬಾಯಿ ಬಿಡ್ತಿಲ್ಲ

ಪ್ರಶ್ನೆ: ಒಂದೇ ಕಂಪನೀಲಿ 11 ವರ್ಷದಿಂದ ಇದೀನಿ. ಹಳೇ ಮ್ಯಾನೇಜರ್ ಇದ್ದಾಗ ಕೆಲ್ಸ ಎಲ್ಲಾದ್ರೂ ಸಿಕ್ಕಾಕೊಂಡ್ರೆ ಅವ್ರೇ ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತು "ಎಲ್ಲಿ ತೊಡಕಾಗಿದೆ, ತೋರ್ಸಿ" ಅಂತಿದ್ರು. ಹೋದ ವರ್ಷ ಮೇಲಿನವ್ರೆಲ್ಲ ಬದಲಾದ್ರು, ಗೋಡೆ ತುಂಬ ವಿಶ್ವಾಸ, ಪಾರದರ್ಶಕತೆ ಅಂತ ಪೋಸ್ಟರ್ ಬಂತು, ಆದ್ರೆ ನಮ್ಮ ಸೀನಿಯರ್ ಒಬ್ರು ವಾರದ ಮೀಟಿಂಗಲ್ಲಿ "ಈ ಡೇಟಿಗೆ ಮುಗಿಯಲ್ಲ" ಅಂದಿದ್ದಷ್ಟೇ, ಎರಡೇ ವಾರಕ್ಕೆ ಅವ್ರನ್ನ ಪ್ರಾಜೆಕ್ಟಿಂದ ತೆಗೆದ್ರು. ಈಗ ಎಲ್ರೂ "ಆನ್ ಟ್ರ್ಯಾಕ್" ಅನ್ನೋದೇ, ನಾನೂ ಅದನ್ನೇ ಹೇಳ್ತೀನಿ, ರಾತ್ರಿ ನಿದ್ದೆ ಬರಲ್ಲ. ಹೊಂದ್ಕೊಳ್ಳೋಕೆ ಆಗ್ದೇ ಇರೋದು ನನ್ನದೇ ತಪ್ಪಾ? ಬಿಟ್ಟು ಹೋಗ್ಲಾ?

ಉತ್ತರ: ನಿಮ್ಮ ತಪ್ಪು ಖಂಡಿತ ಅಲ್ಲ. ಹೊಸ ಸಾಫ್ಟ್‌ವೇರ್, ಹೊಸ ರಿಪೋರ್ಟು, ಹೊಸ ಟೀಮು, ಇವಕ್ಕೆಲ್ಲ ಗೊಣಗಾಡ್ಕೊಂಡಾದ್ರೂ ಹೊಂದ್ಕೋಬೇಕು, ಅದು ಬೇರೆ ಮಾತು. ನಿಮ್ಮಲ್ಲಿ ಆಗಿರೋದು ಅದಲ್ಲ, ಇದ್ದದ್ದು ಇದ್ದಂಗೆ ಹೇಳಿದವ್ರಿಗೆ ಏನಾಗುತ್ತೆ ಅಂತ ಎಲ್ರೂ ಕಣ್ಣಾರೆ ನೋಡ್ಬಿಟ್ರು. ಒಂದು ಕಂಪನಿ ಕಲ್ಚರ್ ಏನು ಅಂತ ನನ್ನ ಕೇಳಿದ್ರೆ ಅದೇ ಅಂತೀನಿ, ಪೋಸ್ಟರಲ್ಲಿ ಏನೇ ಇರ್ಲಿ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳಲ್ಲಿ ಔಷಧಿ ಕೊಡುವಾಗ ಆಗೋ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದ್ರು. ಒಳ್ಳೆ ತಂಡದಲ್ಲಿ ತಪ್ಪು ಕಮ್ಮಿ ಇರುತ್ತೆ ಅಂತ ಅಂದ್ಕೊಂಡಿದ್ರೆ ಲೆಕ್ಕ ಉಲ್ಟಾ ಬಂತು, ಚೆನ್ನಾಗಿ ನಡೀತಿದ್ದ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಯಾಕಂದ್ರೆ ಅಲ್ಲಿನವ್ರು ಹೆದರದೇ ಹೇಳ್ತಿದ್ರು, ಬೇರೆ ಕಡೆ ಮುಚ್ಚಿಡ್ತಿದ್ರು. ಹಂಗಾಗಿ ನಿಮ್ಮ ಮೀಟಿಂಗಲ್ಲಿ ಎಲ್ಲ "ಆನ್ ಟ್ರ್ಯಾಕ್" ಇದೆ ಅಂದ್ರೆ ನಂಗೆ ಭಯಾನೇ ಆಗುತ್ತೆ.

ಸರಿ ಹೋಗೋ ಕಂಪನಿಗಳೂ ಇವೆ. ಮೈಕ್ರೋಸಾಫ್ಟಲ್ಲಿ ಉದ್ಯೋಗಿಗಳನ್ನ ಒಬ್ರಿಗೊಬ್ರು ಹೋಲ್ಸಿ ರ‍್ಯಾಂಕ್ ಕೊಡೋ ಪದ್ಧತಿ ಇತ್ತು, ಪಕ್ಕದವ್ರು ಗೆದ್ರೆ ನಾನು ಸೋತಂಗೆ, ಆಮೇಲೆ ಯಾರು ಯಾರಿಗೆ ಸಹಾಯ ಮಾಡ್ತಾರೆ ಹೇಳಿ. 2013ರ ನವೆಂಬರಲ್ಲಿ ಅದನ್ನ ಕೈಬಿಟ್ರು, 2014ರ ಫೆಬ್ರವರೀಲಿ ಸತ್ಯ ನಾದೆಲ್ಲ ಸಿಇಒ ಆದ್ರು, ಎಲ್ಲ ಗೊತ್ತು ಅನ್ನೋರಿಗಿಂತ ಕಲಿಯೋರು ಬೇಕು ಅಂತ ಹೇಳ್ತಾ ಬಂದ್ರು. ಹಳೇ ರ‍್ಯಾಂಕಿಂಗ್ ಹಂಗೇ ಇದ್ದಿದ್ರೆ ಆ ಮಾತು ಯಾರ ಕಿವಿಗೂ ಇಳೀತಿರ್ಲಿಲ್ಲ ಅನ್ನೋದು ನನ್ನ ಅನಿಸಿಕೆ. ಅದಕ್ಕೇ ನೀವೂ ಭಾಷಣ ಕೇಳ್ಬೇಡಿ, ಈ ಸಲ ಪ್ರಮೋಷನ್ ಯಾರಿಗೆ ಸಿಕ್ತು, ಯಾಕೆ ಸಿಕ್ತು ಅಂತ ನೋಡಿ.

ನಾಳೆ ಬೆಳಗ್ಗೆ ರಾಜೀನಾಮೆ ಬೇಡ. ಮೊದ್ಲು ಆ "ಆನ್ ಟ್ರ್ಯಾಕ್" ನಿಲ್ಸಿ, ಯಾಕಂದ್ರೆ ಕೆಲ್ಸ ಕೈಕೊಟ್ಟ ದಿನ ಅದು ನಿಮ್ಮ ತಲೆಗೇ ಬರುತ್ತೆ. ಎಲ್ರ ಮುಂದೆ ಬೇಡ, ಹೊಸ ಲೀಡರ್ ಹತ್ರ ಒಬ್ರೇ ಹೋಗಿ ಒಂದೇ ಒಂದು ವಿಷ್ಯ ಹೇಳಿ, ಇಷ್ಟು ಕೆಲ್ಸ ಬಾಕಿ ಇದೆ, ಇಷ್ಟು ಜನ ಇದೀವಿ, ಇಷ್ಟು ದಿನ ಬೇಕು ಅಂತ, ಅದನ್ನೇ ಅವತ್ತೇ ಅವ್ರಿಗೆ ಇಮೇಲಲ್ಲೂ ಹಾಕಿ. ಎಷ್ಟೋ ಸಲ ಮೇಲಿರೋರಿಗೆ ಕೆಳಗಿನ ಸುದ್ದಿ ತಲುಪೋದೇ ಇಲ್ಲ, ಮಧ್ಯದಲ್ಲಿ ಒಬ್ಬೊಬ್ರೂ ಸ್ವಲ್ಪ ಸ್ವಲ್ಪ ಸಿಹಿ ಮಾಡಿ ಕಳಿಸ್ತಾರೆ. ಅವ್ರು ಕೇಳ್ಸಿಕೊಂಡು ಏನಾದ್ರೂ ಬದಲಾಯ್ಸಿದ್ರೆ ಇರಿ. ನಿಮ್ಮನ್ನೂ ಬದಿಗೆ ಸರಿಸೋಕೆ ನೋಡಿದ್ರೆ ಬೇರೆ ಕೆಲ್ಸ ಹುಡ್ಕೋಕೆ ಶುರು ಮಾಡಿ, ಸಿಕ್ಕಿದ್ಮೇಲೆ ಹೊರಡಿ, 11 ವರ್ಷ ದುಡಿದೆ ಅನ್ನೋ ಒಂದೇ ಕಾರಣಕ್ಕೆ ಕೂತ್ಕೋಬೇಡಿ.

ಇನ್ನೊಂದು ಮಾತು. ಪ್ರಾಜೆಕ್ಟಿಂದ ತೆಗೆದ್ರಲ್ಲ, ಆ ಸೀನಿಯರನ್ನ ಆಮೇಲೆ ಮಾತಾಡ್ಸಿದ್ರಾ? ಪತ್ರದಲ್ಲಿ ಅದಿಲ್ಲ. ಹಂಗೆ ಬದಿಗೆ ಬಿದ್ದವ್ರ ಡೆಸ್ಕ್ ಹತ್ರ ಯಾರೂ ಸುಳಿಯಲ್ಲ, ಎಲ್ರಿಗೂ ಭಯ. ನಾಳೆ ಹೋಗಿ ಕುರ್ಚಿ ಎಳ್ಕೊಂಡು ಅವ್ರ ಪಕ್ಕ ಕೂತ್ಕೊಳ್ಳಿ.