ಡಬ್ಬಿಯ ತಳದಲ್ಲಿದ್ದ ಮಾತ್ರೆ

ಉಡುಪಿಯ ಪರ್ಕಳ ಕಡೆಯ ನಿವೃತ್ತ ಶಿಕ್ಷಕರು, ವಯಸ್ಸು 68. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಎದೆ ಹಿಡಿದಂತಾಗುವುದಕ್ಕೆ ಮಂಗಳೂರಿನ ಹೃದ್ರೋಗ ತಜ್ಞರು ಎರಡು ತಿಂಗಳ ಹಿಂದೆ ಡಿಲ್ಟಿಯಾಜೆಮ್ ಕೊಟ್ಟಿದ್ದರು. ಎದೆ ಹಗುರಾಯಿತು, ತೊಡೆ ಭಾರವಾಯಿತು. ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕಿತ್ತು. ಮನೆಯಲ್ಲಿ ತೈಲ ತಿಕ್ಕಿ ನೋಡಿದರು. ಕೊನೆಗೆ, ಹೊಸ ಮಾತ್ರೆಯದೇ ಕಿತಾಪತಿ, ನಾಳೆಯಿಂದ ಬಿಡುತ್ತೇನೆ ಎಂದು ಹೇಳಲೆಂದೇ ನನ್ನ ಬಳಿ ಬಂದಿದ್ದರು.

"ಮಾಸ್ಟ್ರೇ, ಡಬ್ಬಿ ತಂದಿದ್ದೀರಾ?"

ಹೆಂಡತಿ ಬೇಕರಿಯ ಹಳೆಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ತಳದಲ್ಲಿ ಸಿಮ್ವಾಸ್ಟಾಟಿನ್ 40 ಮಿ.ಗ್ರಾಂ ಇತ್ತು. ಮುಂಬೈಯಲ್ಲಿ ಮಗನ ಮನೆಯಲ್ಲಿದ್ದಾಗ ಶುರುವಾಗಿದ್ದು, ನಾಲ್ಕು ವರ್ಷದಿಂದ ನಡೆದಿದೆ. ಮಂಗಳೂರಿನಲ್ಲಿ ಹೇಳಲಿಲ್ಲವೇ ಎಂದರೆ, "ಅದು ಕೊಲೆಸ್ಟ್ರಾಲಿನದ್ದಲ್ಲವೇ, ಕಾಯಿಲೆಯದ್ದಲ್ಲವಲ್ಲ" ಎಂದರು. ಈ ಉತ್ತರವನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ.

ಸಿಮ್ವಾಸ್ಟಾಟಿನನ್ನು ಒಡೆದು ಹೊರಹಾಕುವ ಯಕೃತ್ತಿನ ಕಿಣ್ವವನ್ನು ಡಿಲ್ಟಿಯಾಜೆಮ್ ತಡೆಯುತ್ತದೆ. ನುಂಗುವುದು ಅದೇ ಒಂದು ಮಾತ್ರೆ, ಆದರೆ ರಕ್ತದಲ್ಲಿ ಉಳಿಯುವುದು ಹಲವು ಪಟ್ಟು. ಪೆಟ್ಟು ಬೀಳುವುದು ಸ್ನಾಯುವಿಗೆ. ಈ ಜೋಡಿಯಲ್ಲಿ ಸಿಮ್ವಾಸ್ಟಾಟಿನ್ ದಿನಕ್ಕೆ 10 ಮಿ.ಗ್ರಾಂ ಮೀರಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಹೇಳಿದೆ. ರಕ್ತದೊತ್ತಡದ ಆಮ್ಲೋಡಿಪಿನ್ ಅಥವಾ ಎದೆನೋವಿನ ರಾನೊಲಜಿನ್ ಜೊತೆಗಾದರೆ ಮಿತಿ 20 ಮಿ.ಗ್ರಾಂ.

ನಾನು ಮೊದಲು ಕೇಳಿದ್ದು ಮೂತ್ರದ ಬಣ್ಣ. ಕಡು ಚಹಾದಂತಿದ್ದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಅಪಾಯ ತಂದಿರಬಹುದು. ಆಗ ಮಾತು ಬಿಟ್ಟು ನೇರ ಆಸ್ಪತ್ರೆಗೆ ಕಳುಹಿಸಬೇಕು. ಇವರದು ಹಾಗಿರಲಿಲ್ಲ. ಎದೆಯ ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಎದೆನೋವು ಮರಳಬಹುದು ಎಂದೆ. ಅಲ್ಲಿಂದಲೇ ತಜ್ಞರಿಗೆ ಫೋನ್ ಮಾಡಿದೆವು. ಆ ರಾತ್ರಿಯಿಂದಲೇ ಸಿಮ್ವಾಸ್ಟಾಟಿನ್ ನಿಲ್ಲಿಸಿ, ಸ್ನಾಯುವಿನ ಹಾನಿ ತೋರಿಸುವ ಸಿಪಿಕೆ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಲು ಹೇಳಿದರು. ಸಿಪಿಕೆ ಏರಿತ್ತು, ಮೂತ್ರಪಿಂಡ ಸರಿಯಿತ್ತು.

ಹೊರಡುವಾಗ ಹೆಂಡತಿ, "ಅಂಗಳದ ಚಕ್ಕೋತ ತಿನ್ನಬಹುದಾ?" ಎಂದರು. ಒಳ್ಳೆಯ ಪ್ರಶ್ನೆ: ಅದೂ ಆ ಕಿಣ್ವವನ್ನು ತಡೆಯುವ ಹಣ್ಣೇ. ಸದ್ಯ ಬೇಡ ಎಂದೆ.

ತಿಂಗಳ ನಂತರ ತೊಡೆಯ ಭಾರ ಇಳಿದ ಮೇಲೆ ತಜ್ಞರು ಕೊಲೆಸ್ಟ್ರಾಲಿಗೆ ರೋಸುವಾಸ್ಟಾಟಿನ್ ಆರಂಭಿಸಿದರು. ಅದು ಆ ಕಿಣ್ವವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಈ ಸಲ ಮಾಸ್ಟ್ರು ತಾವು ತೆಗೆದುಕೊಳ್ಳುವುದನ್ನೆಲ್ಲ ಕರಿಹಲಗೆಯ ದುಂಡಕ್ಷರದಲ್ಲಿ ಬರೆದು ತಂದಿದ್ದರು. ಕೊನೆಯ ಸಾಲು ಹೆಂಡತಿಯ ಕೈಬರಹ: "ತೊಡೆಗೆ ತೈಲ, ಈಗ ನಿಲ್ಲಿಸಿದೆ."