ಪ್ರ: ನಾವು ಆನೇಕಲ್ ಕಡೆಯವರು. ತಮ್ಮನನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದ್ರೆ ಅವತ್ತೇ ಡಾಕ್ಟರ್ ನೋಡ್ತಾರಾ, ಇಲ್ಲಾ ತಿಂಗಳುಗಟ್ಟಲೆ ಕಾಯಬೇಕಾ?

ಅವತ್ತೇ ನೋಡುತ್ತಾರೆ, ಆದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ ಅಂದ್ಕೊಂಡೇ ಹೋಗಿ. ಹೊಸಬರು ಬೆಳಿಗ್ಗೆ ಬೇಗ ಹೋಗಿ ಹೆಸರು ಬರೆಸಬೇಕು. ಮೊದಲು ಒಬ್ಬ ಡಾಕ್ಟರ್ ಚುಟುಕಾಗಿ ವಿಚಾರಿಸುತ್ತಾರೆ. ವಿವರವಾದ ತಪಾಸಣೆ ಬೇಕಾದರೆ ಬೇರೆ ದಿನ ಬರಲು ಹೇಳಬಹುದು. ಆ ತಪಾಸಣೆಯಲ್ಲಿ ಕಿರಿಯ ಡಾಕ್ಟರ್ ನಿದ್ದೆ, ಊಟ, ಕೆಲಸ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ ಎಂದು ಎಲ್ಲ ಕೇಳಿ ಬರೆದುಕೊಂಡು, ಆಮೇಲೆ ಹಿರಿಯರ ಜೊತೆ ಚರ್ಚಿಸುತ್ತಾರೆ. ಹಾಗಾಗಿ ತಮ್ಮನ ಜೊತೆಗೇ ಇರುವವರೊಬ್ಬರು ಹೋಗಲೇಬೇಕು. ಹಳೆ ಚೀಟಿ, ಮಾತ್ರೆಗಳ ಖಾಲಿ ಸ್ಟ್ರಿಪ್ ಕೂಡ ಇಟ್ಟುಕೊಳ್ಳಿ, ಹೆಸರು ಯಾರಿಗೂ ನೆನಪಿರಲ್ಲ! ನಿಜವಾಗಿ ಜಾಸ್ತಿ ಕಾಯಿಸುವುದು ಕೌನ್ಸೆಲಿಂಗ್, ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ವಲ್ಲ.

ನೀವು ಆನೇಕಲ್ ಕಡೆಯವರು ಅಂದಿದ್ದೀರಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ಬಗ್ಗೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸಿ. ಪ್ರತಿ ಸಲ ಮಾತ್ರೆಗೆಂದು ಹೊಸೂರು ರಸ್ತೆ ಟ್ರಾಫಿಕ್‌ನಲ್ಲಿ ಸುಮ್ನೆ ಯಾಕೆ ಒದ್ದಾಡಬೇಕು?

ಆದರೆ ಸಾಯುವ ಮಾತಾಡುತ್ತಿದ್ದರೆ ಓಪಿಡಿ ಸಾಲು ಬೇಡ. ನಿಮ್ಹಾನ್ಸ್ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ, ನೇರ ಅಲ್ಲಿಗೇ ಹೋಗಿ. ಇವತ್ತೇ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.