ಹಳೇ ಬೈಕಿನ ಕಾರ್ಬೊರೇಟರ್ ಬಾಡಿ ಮತ್ತೆ ಹೊಳೆಯುವಂತೆ ಮಾಡುವುದು ಹೇಗೆ?

ತೀರ್ಥಹಳ್ಳಿಯ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಅಪ್ಪನ ಯೆಜ್ಡಿಯನ್ನು ಮತ್ತೆ ರಸ್ತೆಗಿಳಿಸುತ್ತಿದ್ದೇನೆ, ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್ ತುಂಬಾ ಬಿಳಿ ಪುಡಿ, ಕಪ್ಪು ಕಲೆ ಇದೆ, ಆಸಿಡ್‌ನಲ್ಲಿ ಅದ್ದಿದರೆ ಹೊಳೆಯುತ್ತದಂತೆ, ಅದ್ದಬಹುದಾ ಎಂದು ಕೇಳಿದ್ದೀರಿ.

ದಯವಿಟ್ಟು ಅದ್ದಬೇಡಿ. ಶಿವಮೊಗ್ಗದಲ್ಲಿ ಹಳೇ ಬೈಕು ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಆಸಿಡ್ ತಿಂದ ಬಾಡಿಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ತಿಂದು ಹೋದ ಲೋಹವನ್ನು ಯಾರೂ ವಾಪಸ್ ತರಲಾರರು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ನಿಮ್ಮ ಕೈಯಲ್ಲಿರುವ ಮೂಲ ಬಾಡಿ ಹಾಳಾದರೆ ಅಂಥದ್ದೇ ಇನ್ನೊಂದು ಹುಡುಕುವುದು ಸುಲಭವಲ್ಲ.

ಮೊದಲು ಬಾಡಿ ಯಾವ ಲೋಹದ್ದು ನೋಡಿ. ಕೈಯಲ್ಲಿ ಹಿಡಿದರೆ ಸಾಕು. ಅಲ್ಯೂಮಿನಿಯಂ ಹಗುರ, ಸತುವಿನ ಮಿಶ್ರಲೋಹ ಅದರ ಎರಡೂವರೆ ಪಟ್ಟು ಭಾರ. ಹಳೇ ಬುಲೆಟ್‌ನ ಅಮಲ್ ಮಾನೋಬ್ಲಾಕ್ ಕಾರ್ಬೊರೇಟರ್ ಸತುವಿನದು, ಎತ್ತಿದ ಕೂಡಲೇ ತೂಕ ಗೊತ್ತಾಗುತ್ತದೆ. ಆಸಿಡ್ ಎರಡನ್ನೂ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಕೂಡ ಬೇಡ, ಅಲ್ಯೂಮಿನಿಯಂ ನೊರೆ ಬಂದು ಕಪ್ಪಾಗುತ್ತದೆ. ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಸರಿ, ಆದರೆ ಸತುವಿನ ಬಾಡಿಯನ್ನು ರಾತ್ರಿಯಿಡೀ ಹುಳಿಯಲ್ಲಿ ನೆನೆಸಿದರೆ ಮೈ ಕಪ್ಪಾಗಿ ಗುಳಿ ಬೀಳುತ್ತದೆ.

ಬಿಳಿ ಪುಡಿ ಅಂದರೆ ಲೋಹವೇ ತೇವಕ್ಕೆ ಕೊಳೆತದ್ದು. ನಮ್ಮ ಕಡೆ ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಥಂಡಿ ಬಿಡುವುದಿಲ್ಲ. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಹೊರಗಿಗಿಂತ ಫ್ಲೋಟ್ ಬೌಲ್ (ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಒಳಗೆ ಪುಡಿ ಜಾಸ್ತಿ ಇದ್ದರೆ ಆಶ್ಚರ್ಯಪಡಬೇಡಿ.

ಕೆಲಸಕ್ಕೆ ಬರೋಣ. ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ತಿರುಗಿಸಿದ ಮೇಲೆ ಕೂತಿತು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಬಿಚ್ಚಿ. ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು), ಫ್ಲೋಟ್ (ಪೆಟ್ರೋಲ್ ಮೇಲೆ ತೇಲುವ ಬುರುಡೆ), ನೀಡಲ್, ಸ್ಲೈಡ್ (ಗಾಳಿಯ ದಾರಿ ತೆರೆದು ಮುಚ್ಚುವ ಭಾಗ), ಗ್ಯಾಸ್ಕೆಟ್, ಓ-ರಿಂಗ್ ಎಲ್ಲ ಹೊರಗೆ ಬರಲಿ. ರಬ್ಬರ್ ಒಂದೂ ಉಳಿಯಬಾರದು. ಬರೀ ಬಾಡಿಯನ್ನು ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಜಿಡ್ಡು ಹೋದ ಮೇಲೆ ಪಾತ್ರೆ ತೊಳೆಯುವ ಸೋಪಿನ ಬಿಸಿನೀರು. ಅಂಟಾಗಿ ಕೂತ ಪೆಟ್ರೋಲ್‌ಗೆ ಕಾರ್ಬ್ ಕ್ಲೀನರ್ ಸ್ಪ್ರೇ. ಶಬ್ದದ ಅಲೆಯಿಂದ ತೊಳೆಯುವ ಅಲ್ಟ್ರಾಸಾನಿಕ್ ಮೆಷಿನ್ ಇರುವ ವರ್ಕ್‌ಶಾಪ್ ಸಿಕ್ಕರೆ ಇನ್ನೂ ಒಳ್ಳೆಯದು, ಬ್ರಷ್ ಹೋಗದ ಸಂದಿಗೂ ಅದು ಹೋಗುತ್ತದೆ. ಅದರಲ್ಲೂ ಸೋಪುನೀರೇ ಸಾಕು, ಗಂಟೆಗಟ್ಟಲೆ ಬಿಡಬೇಡಿ.

ಒಳಗಿನ ಸಣ್ಣ ದಾರಿಗಳಿಗೆ ಸೂಜಿ, ಸ್ಟೀಲ್ ಪಿನ್ ಹಾಕಬೇಡಿ. ಜೆಟ್ ಹಿತ್ತಾಳೆಯದು, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ವೈರ್‌ನ ಒಂದು ತೆಳು ತಾಮ್ರದ ಎಳೆ ಸಾಕು. ಆಮೇಲೆ ಪಂಕ್ಚರ್ ಅಂಗಡಿಗೆ ಒಯ್ದು ಪ್ರತಿ ತೂತಿಗೂ ಗಾಳಿ ಹೊಡೆಸಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಒಳಗಿನ ಕೊಳೆ ಮುಖಕ್ಕೇ ಹಾರುತ್ತದೆ.

ಈಗ ಹೊಳಪು. ನನ್ನ ಮಟ್ಟಿಗೆ ಇಲ್ಲೇ ಜನ ಎಡವುವುದು. ಕಾರ್ಖಾನೆಯಿಂದ ಬಂದಾಗ ಈ ಬಾಡಿ ಕನ್ನಡಿಯ ಹಾಗೆ ಹೊಳೆಯುತ್ತಿರಲಿಲ್ಲ. ಅಚ್ಚಿನಿಂದ ಬಂದ ಮಂದ ಬೂದಿ ಬೆಳ್ಳಿ ಬಣ್ಣ ಅದರದು. ಬಫಿಂಗ್ ಚಕ್ರಕ್ಕೆ ಹಿಡಿದರೆ ಗಟ್ಟಿಯಾದ ಮೇಲ್ಪದರ ಸವೆದು ಒಳಗಿನ ಸಣ್ಣ ಸಣ್ಣ ತೂತು ಕಾಣುತ್ತವೆ, ಮುಂದಿನ ಮಳೆಗಾಲಕ್ಕೆ ಅಲ್ಲೇ ಮತ್ತೆ ಬಿಳಿ ಹಿಡಿಯುತ್ತದೆ. ಮೆತ್ತನೆಯ ಹಿತ್ತಾಳೆ ಬ್ರಷ್, ಆಮೇಲೆ ನಯವಾದ ಸ್ಕಾಚ್ ಬ್ರೈಟ್, ಕೊನೆಗೆ ಬಟ್ಟೆಗೆ ಚೂರು ಮೆಟಲ್ ಪಾಲಿಶ್. ಇಷ್ಟೂ ಹೊರಮೈಗೆ ಮಾತ್ರ. ಸ್ಲೈಡ್ ಓಡಾಡುವ ಗೋಡೆ, ಗಾಳಿ ಹೋಗುವ ದಾರಿ, ಫ್ಲೋಟ್ ನೀಡಲ್ ಕೂರುವ ಜಾಗ, ಈ ಮೂರನ್ನು ಉಜ್ಜಲೇಬೇಡಿ. ಸ್ಲೈಡ್ ಸಡಿಲವಾದರೆ ಗಾಳಿ ನುಗ್ಗಿ, ಬೈಕ್ ನಿಂತಿರುವಾಗ ಎಂಜಿನ್ ಒಂದೇ ಸಮ ಓಡುವುದಿಲ್ಲ.

ಇದಕ್ಕಿಂತ ಚೆಂದ ಬೇಕೆಂದರೆ ನೀರು ಮತ್ತು ಗಾಜಿನ ಮಣಿ ಸೇರಿಸಿ ಹೊಡೆಯುವ ವೇಪರ್ ಬ್ಲಾಸ್ಟಿಂಗ್ ಇದೆ. ಕಾರ್ಖಾನೆಯ ಮೈಗೆ ಹತ್ತಿರ ಬರುವುದು ಅದೇ. ಖರ್ಚು ಇದೆ, ಆದರೆ ಅಪ್ಪನ ಬೈಕ್ ಅಲ್ವಾ, ನಾನಾದರೆ ಮಾಡಿಸುತ್ತೇನೆ. ಒಣ ಮರಳು ಹೊಡೆಸುವುದಕ್ಕೆ ಮಾತ್ರ ಒಪ್ಪಬೇಡಿ, ಒಂದು ಕಾಳು ಒಳಗೆ ಉಳಿದರೂ ಜೆಟ್ ಕಟ್ಟುತ್ತದೆ. ಸಿಲ್ವರ್ ಪೇಂಟ್ ಕೂಡ ಬೇಡ, ಪೆಟ್ರೋಲ್ ತಾಗಿದರೆ ಸುಲಿದು ಬರುತ್ತದೆ.

ಪಾಲಿಶ್ ಮಾಡಿದ ಮೇಲೆ ಮತ್ತೊಮ್ಮೆ ಸೋಪುನೀರಲ್ಲಿ ತೊಳೆದು, ಗಾಳಿ ಹೊಡೆಸಿ, ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ. ಹಳೇ ಗ್ಯಾಸ್ಕೆಟ್, ಓ-ರಿಂಗ್ ವಾಪಸ್ ಹಾಕಬೇಡಿ. ಎಥನಾಲ್ ತಡೆಯುವ ಹೊಸದನ್ನೇ ಕೇಳಿ ತನ್ನಿ. ಹೊರಮೈಗೆ ತೆಳುವಾಗಿ ವ್ಯಾಕ್ಸ್ ಒರೆಸಿ. ಮಳೆಗಾಲದಲ್ಲಿ ಬೈಕ್ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಫ್ಲೋಟ್ ಬೌಲ್ ಖಾಲಿ ಮಾಡಿಯೇ ನಿಲ್ಲಿಸಿ.